ಹಡಗಿನವರ ದಿನದ ಲೆಕ್ಕ



ಮಾರ್ಚ್ ತಿಂಗಳು ಹತ್ತಿರ ಬಂತೆಂದರೆ ಮಂಗಳೂರು, ಉಡುಪಿ, ಕಾರವಾರ ಕಡೆಯ ಕೆಲವು ಮನೆಗಳಲ್ಲಿ ಒಂದು ವಿಚಿತ್ರ ಚಡಪಡಿಕೆ ಶುರುವಾಗುತ್ತದೆ. ತಿಂಗಳುಗಟ್ಟಲೆ ಮುಖ ಕಾಣದ ಮಗ ಹಡಗಿನಿಂದ ಇಳಿದು ಬರುತ್ತಾನೆ ಎಂದರೆ ತಾಯಿಗೆ ಖುಷಿಯೋ ಖುಷಿ. ತಂದೆಗೂ ಖುಷಿಯೇ. ಆದರೆ ಅವರು ಗೋಡೆಯ ಕ್ಯಾಲೆಂಡರಿನ ಹಾಳೆ ಮಗುಚುತ್ತಾ, "ಇನ್ನೊಂದು ವಾರ ಬಿಟ್ಟು ಇಳಿಯಲಿಕ್ಕೆ ಆಗುವುದಿಲ್ಲವಾ ಅಂತ ಕಂಪನಿಯಲ್ಲಿ ಕೇಳು" ಎಂದು ಫೋನಿನಲ್ಲಿ ಹೇಳುತ್ತಾರೆ. ಹೆತ್ತ ತಂದೆಯೇ ಮಗನನ್ನು ಈಗ ಬರಬೇಡ ಎನ್ನುವ ಹಾಗೆ ಮಾಡಿರುವುದು ಆದಾಯ ತೆರಿಗೆ ಕಾಯ್ದೆ.

ನಾನು ತೆರಿಗೆಯ ಲೆಕ್ಕಪತ್ರ ನೋಡುವವನು. ನನ್ನ ಮೇಜಿನ ಮೇಲೆ ಬೀಳುವ ಫೈಲುಗಳಲ್ಲಿ ಹಡಗಿನವರದ್ದೇ ಒಂದು ಕಟ್ಟು ಇರುತ್ತದೆ. ಕ್ಯಾಪ್ಟನ್, ಚೀಫ್ ಎಂಜಿನಿಯರ್‌ನಿಂದ ಹಿಡಿದು ಬೋಸನ್, ಫಿಟ್ಟರ್, ಅಡುಗೆಯವರ ತನಕ ಎಲ್ಲರೂ ಅದರಲ್ಲಿದ್ದಾರೆ. ಜಗತ್ತಿನ ಹಡಗುಗಳಿಗೆ ಅತಿ ಹೆಚ್ಚು ಸಿಬ್ಬಂದಿಯನ್ನು ಕಳಿಸುವ ಐದು ದೇಶಗಳಲ್ಲಿ ನಮ್ಮದೂ ಒಂದು. ಫಿಲಿಪ್ಪೀನ್ಸ್, ರಷ್ಯಾ, ಇಂಡೋನೇಷ್ಯಾ, ಚೀನಾ ಉಳಿದವು. ಅಷ್ಟು ಜನ ಇದ್ದರೂ ಇವರ ತೆರಿಗೆಯ ವಿಷಯದಲ್ಲಿ ಊರಲ್ಲಿ ಓಡಾಡುವ ತಿಳಿವಳಿಕೆ ಒಂದೇ ವಾಕ್ಯದ್ದು: "ಹಡಗಿನವರಿಗೆ ಟ್ಯಾಕ್ಸ್ ಇಲ್ಲ." ಈ ವಾಕ್ಯ ಅರ್ಧ ಮಾತ್ರ ನಿಜ. ನೋಟೀಸು ಬರುವುದೆಲ್ಲ ಉಳಿದ ಅರ್ಧದಿಂದ.

ಕಾಯ್ದೆ ಏನು ಹೇಳುತ್ತದೆ ಎಂಬುದನ್ನು ಮೊದಲು ನೋಡೋಣ. ಏಪ್ರಿಲ್ 1ರಿಂದ ಮಾರ್ಚ್ 31ರ ತನಕದ ಒಂದು ವರ್ಷದಲ್ಲಿ ಯಾರು ಭಾರತದಲ್ಲಿ 182 ದಿನ ಅಥವಾ ಅದಕ್ಕಿಂತ ಹೆಚ್ಚು ಇರುತ್ತಾರೋ ಅವರು ನಿವಾಸಿ. ನಿವಾಸಿಯಾದವರು ಲೋಕದ ಯಾವ ಮೂಲೆಯಲ್ಲಿ ದುಡಿದರೂ ಆ ದುಡಿಮೆಗೆ ಇಲ್ಲಿ ತೆರಿಗೆ ಉಂಟು. ಅನಿವಾಸಿಯಾದರೆ ಭಾರತದಲ್ಲಿ ಹುಟ್ಟಿದ, ಭಾರತದಲ್ಲಿ ಕೈಸೇರಿದ ಆದಾಯಕ್ಕೆ ಮಾತ್ರ. ಇನ್ನೊಂದು ಅಳತೆಯೂ ಇದೆ: ವರ್ಷಕ್ಕೆ 60 ದಿನ ಇಲ್ಲಿದ್ದು, ಅದರ ಹಿಂದಿನ ನಾಲ್ಕು ವರ್ಷಗಳಲ್ಲಿ ಒಟ್ಟು 365 ದಿನ ಇದ್ದರೂ ನಿವಾಸಿಯೇ. ಆದರೆ ಭಾರತೀಯ ಹಡಗಿನ ಸಿಬ್ಬಂದಿಯಾಗಿಯೋ ಹೊರದೇಶದ ಉದ್ಯೋಗಕ್ಕಾಗಿಯೋ ದೇಶ ಬಿಟ್ಟ ಭಾರತೀಯ ಪ್ರಜೆಗೆ ಆ 60ರ ಜಾಗದಲ್ಲೂ 182 ಎಂದೇ ಓದಿಕೊಳ್ಳಬೇಕು. ಹಾಗಾಗಿ ಹಡಗಿನವರ ಬದುಕು ನಿಂತಿರುವುದು ಒಂದೇ ಅಂಕಿಯ ಮೇಲೆ. ಮನೆಯಲ್ಲಿ 181 ದಿನ ಕಳೆದರೆ ಅನಿವಾಸಿ. ಮಾರನೇ ದಿನ ಬೆಳಗಾದರೆ ನಿವಾಸಿ.

ಇದನ್ನು ತಿರುಗಿಸಿ ಹೇಳಿದರೆ, 365 ದಿನದ ವರ್ಷದಲ್ಲಿ ಕನಿಷ್ಠ 184 ದಿನ ಹೊರಗಿರಬೇಕು. ಅಧಿಕ ವರ್ಷವಾದರೆ 185. ಆರು ತಿಂಗಳ ಕಾಂಟ್ರಾಕ್ಟ್ ಮಾಡಿದವರು "ಅರ್ಧ ವರ್ಷ ಹಡಗಿನಲ್ಲೇ ಇದ್ದೆನಲ್ಲ, ಸಾಕಲ್ಲ" ಎಂದುಕೊಳ್ಳುತ್ತಾರೆ. ಸಾಲುವುದಿಲ್ಲ. ಬೆರಳು ಮಡಚಿ ಎಣಿಸಿ ನೋಡಿ: ಅಕ್ಟೋಬರ್ 1ರಂದು ಹಡಗು ಹತ್ತಿ ಮಾರ್ಚ್ 31ರಂದು ಇಳಿದರೆ 182 ದಿನ, ಮನೆಯಲ್ಲಿ ಉಳಿದದ್ದು 183. ನಿವಾಸಿ! ಏಪ್ರಿಲ್ 1ರಂದು ಹತ್ತಿ ಸೆಪ್ಟೆಂಬರ್ 30ಕ್ಕೆ ಇಳಿದರೆ 183 ದಿನ, ಮನೆಯಲ್ಲಿ 182. ಆಗಲೂ ನಿವಾಸಿಯೇ. ಒಂದೇ ಒಂದು ದಿನ ಕಡಿಮೆ ಬಿದ್ದು ಆರು ತಿಂಗಳ ಡಾಲರ್ ಸಂಬಳದ ಮೇಲೆ ಪೂರ್ತಿ ತೆರಿಗೆ ಕಟ್ಟುವ ಪರಿಸ್ಥಿತಿ.

ಇದಕ್ಕಿಂತ ತಮಾಷೆಯದು ನಾಲ್ಕು ತಿಂಗಳು ಹಡಗು, ನಾಲ್ಕು ತಿಂಗಳು ಮನೆ ಎಂಬ ಒಪ್ಪಂದ. ಟ್ಯಾಂಕರ್, ಗ್ಯಾಸ್ ಹಡಗುಗಳ ಹಿರಿಯ ಅಧಿಕಾರಿಗಳಲ್ಲಿ ಇಂಥ ಸರದಿ ಸಾಮಾನ್ಯ. ಒಬ್ಬ ಎಂಜಿನಿಯರ್ ಏಪ್ರಿಲ್‌ನಿಂದ ಜುಲೈ ತನಕ ಸಮುದ್ರದಲ್ಲಿ, ಆಗಸ್ಟ್‌ನಿಂದ ನವೆಂಬರ್ ಮನೆಯಲ್ಲಿ, ಡಿಸೆಂಬರ್‌ನಿಂದ ಮಾರ್ಚ್ ಮತ್ತೆ ಸಮುದ್ರದಲ್ಲಿ ಎಂದುಕೊಳ್ಳಿ. ಆ ವರ್ಷ ಅವರು ಹೊರಗಿದ್ದದ್ದು 243 ದಿನ, ನಿಶ್ಚಿಂತ ಅನಿವಾಸಿ. ಸರದಿ ಹಾಗೆಯೇ ಮುಂದುವರಿದರೆ ಮರುವರ್ಷ ಏಪ್ರಿಲ್‌ನಿಂದ ಜುಲೈ ಮನೆ, ಆಗಸ್ಟ್‌ನಿಂದ ನವೆಂಬರ್ ಹಡಗು, ಡಿಸೆಂಬರ್‌ನಿಂದ ಮಾರ್ಚ್ ಮನೆ. ಹೊರಗಿದ್ದದ್ದು ಬರೀ 122 ದಿನ. ಅದೇ ಕಂಪನಿ, ಅದೇ ಹುದ್ದೆ, ಅದೇ ಸಂಬಳ. ಒಂದು ವರ್ಷ ತೆರಿಗೆ ಸೊನ್ನೆ, ಮರುವರ್ಷ ನಾಲ್ಕು ತಿಂಗಳ ಸಂಬಳಕ್ಕೆ ಪೂರ್ತಿ ತೆರಿಗೆ. ವಿದೇಶಿ ಕಂಪನಿ ಸಂಬಳದಿಂದ ತೆರಿಗೆ ಹಿಡಿದುಕೊಂಡಿರುವುದಿಲ್ಲವಾದ್ದರಿಂದ ಮುಂಗಡ ತೆರಿಗೆಯನ್ನು ಕಂತು ಕಂತಾಗಿ ತಾವೇ ಕಟ್ಟಬೇಕಿತ್ತು. ಕಟ್ಟಿರುವುದಿಲ್ಲ. ಅದರ ಮೇಲೆ ಬಡ್ಡಿ ಬೇರೆ.

ಇಲ್ಲಿ ನನಗೆ ಕಾಯ್ದೆಯ ಮೇಲೆ ಒಂದು ತಕರಾರು ಇದೆ, ಅದನ್ನು ಈಗಲೇ ಹೇಳಿಬಿಡುತ್ತೇನೆ. ದುಬೈಯಲ್ಲಿ ಕೆಲಸ ಮಾಡುವವರು ಊರಿಗೆ ಯಾವಾಗ ಬರಬೇಕು, ಎಷ್ಟು ದಿನ ಇರಬೇಕು ಎಂಬುದನ್ನು ಬಹುಮಟ್ಟಿಗೆ ತಾವೇ ತೀರ್ಮಾನಿಸಬಲ್ಲರು. ಹಡಗಿನವರಿಗೆ ಆ ಸ್ವಾತಂತ್ರ್ಯ ಇಲ್ಲ. ತಮ್ಮ ಜಾಗಕ್ಕೆ ಬರುವ ರಿಲೀವರ್ ಸಿಕ್ಕಬೇಕು, ಹಡಗು ಸಿಬ್ಬಂದಿ ಬದಲಿಸಲು ಅನುಕೂಲವಾದ ಬಂದರಿಗೆ ಹೋಗಬೇಕು, ಬಿರುಗಾಳಿ ಎದ್ದು ದಾರಿ ಬದಲಾಗಬಾರದು. ಮಾರ್ಚ್ 20ಕ್ಕೆ ಇಳಿಯುವುದೋ ಏಪ್ರಿಲ್ 5ಕ್ಕೋ ಎಂದು ನಿಶ್ಚಯಿಸುವವರು ಸಿಂಗಾಪುರದಲ್ಲೋ ಮುಂಬೈಯಲ್ಲೋ ಕುಳಿತ ಕಂಪನಿಯ ಕ್ರೂ ವಿಭಾಗದವರು. ತೆರಿಗೆ ಕಟ್ಟುವವರು ಮಾತ್ರ ಇವರು.

ದಿನ ಎಣಿಸುವುದು ಸರಿ, ಆ ದಿನಗಳಿಗೆ ಸಾಕ್ಷಿ ಏನು? ಇಲ್ಲಿಗೆ ಬರುವುದು ಸಿಡಿಸಿ. ಕಂಟಿನ್ಯೂಯಸ್ ಡಿಸ್ಚಾರ್ಜ್ ಸರ್ಟಿಫಿಕೇಟ್ ಎಂಬುದು ಅದರ ಪೂರ್ತಿ ಹೆಸರು. ಹೆಸರಿನಲ್ಲಿ ಸರ್ಟಿಫಿಕೇಟ್ ಎಂದಿದ್ದರೂ ಅದು ಪಾಸ್‌ಪೋರ್ಟಿನಂಥ ಒಂದು ಪುಸ್ತಕ. ಪ್ರತಿ ಹಡಗಿಗೂ ಅದರಲ್ಲಿ ದಾಖಲೆ ಬೀಳುತ್ತದೆ: ಹಡಗಿನ ಹೆಸರು, ಹತ್ತಿದ ದಿನ ಮತ್ತು ಬಂದರು, ಇಳಿದ ದಿನ ಮತ್ತು ಬಂದರು, ಕ್ಯಾಪ್ಟನ್ನರ ಸಹಿ, ಹಡಗಿನ ಮೊಹರು. ಒಬ್ಬರ ಇಡೀ ವೃತ್ತಿಜೀವನ ಅದರಲ್ಲಿ ಸೈನ್ ಆನ್, ಸೈನ್ ಆಫ್ ಎಂಬ ಎರಡು ತಾರೀಕುಗಳ ಜೋಡಿಗಳಾಗಿ ಕೂತಿರುತ್ತದೆ. 2015ಕ್ಕೆ ಮೊದಲು ಈ ಪುಸ್ತಕಕ್ಕೆ ತೆರಿಗೆಯ ಲೆಕ್ಕದಲ್ಲಿ ಖಚಿತವಾದ ಸ್ಥಾನ ಇರಲಿಲ್ಲ. ಹಡಗು ಭಾರತದ ಬಂದರಿನಲ್ಲಿ ಹತ್ತಿ ಹೊರಟರೆ ದೇಶ ಬಿಟ್ಟದ್ದು ಯಾವಾಗ? ಹಡಗು ಹತ್ತಿದಾಗಲೋ, ಕರಾವಳಿಯ ಗಡಿ ದಾಟಿದಾಗಲೋ? ನಡುವೆ ಇಲ್ಲಿನ ಬಂದರಿನಲ್ಲಿ ಸರಕು ಇಳಿಸುತ್ತಾ ನಿಂತ ದಿನಗಳು ಯಾರ ಖಾತೆಗೆ? ಇವೆಲ್ಲ ಜಗಳದ ಮಾತುಗಳಾಗಿದ್ದವು.

2015ರ ಹಣಕಾಸು ಕಾಯ್ದೆ ಈ ಜಗಳಕ್ಕೆ ಒಂದು ಬಾಗಿಲು ಹಾಕಿತು. ಅದೇ ವರ್ಷದ ಆಗಸ್ಟ್‌ನಲ್ಲಿ 126ನೇ ನಿಯಮ ಬಂತು. ಭಾರತದ ಬಂದರಿನಿಂದ ಹೊರದೇಶದ ಬಂದರಿಗೋ, ಹೊರದೇಶದ ಬಂದರಿನಿಂದ ಭಾರತದ ಬಂದರಿಗೋ ಜನ ಅಥವಾ ಸರಕು ಸಾಗಿಸುವ ಹಡಗಾದರೆ, ಸಿಡಿಸಿಯಲ್ಲಿ ಬರೆದ ಸೈನ್ ಆನ್ ದಿನದಿಂದ ಸೈನ್ ಆಫ್ ದಿನದ ತನಕದ ಅವಧಿಯನ್ನು ಭಾರತದಲ್ಲಿದ್ದ ದಿನಗಳಿಂದ ಕಳೆಯಬೇಕು ಎಂಬುದು ಅದರ ತಿರುಳು. ಇದರ ಪರಿಣಾಮ ಕಣ್ಣಿಗೆ ಕಾಣುವಂತೆ ಹೇಳಬೇಕೆಂದರೆ: ಕೊಲ್ಲಿ ದೇಶದಿಂದ ಕಚ್ಚಾ ತೈಲ ಹೊತ್ತು ಬಂದ ಟ್ಯಾಂಕರ್ ಪಣಂಬೂರಿನ ಹೊರಗೆ ಲಂಗರು ಹಾಕಿದೆ. ಅದರ ಸೆಕೆಂಡ್ ಆಫೀಸರ್ ಸುರತ್ಕಲ್ಲಿನವರು. ಡೆಕ್ಕಿನಲ್ಲಿ ನಿಂತರೆ ಊರಿನ ದೀಪಸ್ತಂಭ ಕಾಣುತ್ತದೆ, ಮೊಬೈಲಿಗೆ ಊರಿನ ಸಿಗ್ನಲ್ಲೂ ಸಿಗುತ್ತದೆ. ಆದರೂ ತೆರಿಗೆಯ ಲೆಕ್ಕಕ್ಕೆ ಆ ದಿನಗಳಲ್ಲಿ ಅವರು ಭಾರತದಲ್ಲಿಲ್ಲ! ಸಿಡಿಸಿಯಲ್ಲಿ ಇನ್ನೂ ಸೈನ್ ಆಫ್ ಆಗಿಲ್ಲವಲ್ಲ.

ಪೂರ್ತಿ ಹೊರದೇಶದ ಬಂದರುಗಳ ನಡುವೆಯೇ ಓಡುವ ಹಡಗಿಗೆ ಇಲ್ಲಿಂದ ವಿಮಾನದಲ್ಲಿ ಹೋಗಿ ಸೇರಿಕೊಳ್ಳುವವರ ವಿಷಯ ಬೇರೆ. ಅವರಿಗೆ ವಿಮಾನ ನಿಲ್ದಾಣದಲ್ಲಿ ಪಾಸ್‌ಪೋರ್ಟಿನ ಮೇಲೆ ಬಿದ್ದ ಮೊಹರೇ ಆಧಾರ. ನನ್ನ ಬಳಿ ಬರುವವರಿಗೆ ನಾನು ಹೇಳುವುದು ಇಷ್ಟೇ: ಹಳೆಯ ಪಾಸ್‌ಪೋರ್ಟ್ ಅವಧಿ ಮುಗಿಯಿತೆಂದು ಬಿಸಾಡಬೇಡಿ, ಸಿಡಿಸಿಯ ಪುಟಗಳ ನಕಲು, ಕಾಂಟ್ರಾಕ್ಟ್ ಕಾಗದ, ತಿಂಗಳ ವೇತನ ಚೀಟಿ ಒಂದು ಕಡೆ ಇಡಿ. ಏಳೆಂಟು ವರ್ಷದ ನಂತರ ಯಾವ ಹಡಗು ಯಾವ ಬಂದರಿನಲ್ಲಿ ಹತ್ತಿದ್ದೆ ಎಂಬುದು ನೆನಪಿರುವುದಿಲ್ಲ. ಕಂಪನಿ ಕೈ ಬದಲಾಗಿರುತ್ತದೆ, ಹಡಗಿನ ಹೆಸರೂ ಬದಲಾಗಿರುತ್ತದೆ.

126ನೇ ನಿಯಮದ ನೆರಳು ಎಲ್ಲರ ಮೇಲೂ ಬೀಳುವುದಿಲ್ಲ. ಪಾರಾದೀಪದಲ್ಲಿ ಕಲ್ಲಿದ್ದಲು ತುಂಬಿ ಎನ್ನೂರಿಗೆ ಸುರಿಯುವ ಹಡಗಿನವರು ಭಾರತ ಬಿಟ್ಟು ಹೋಗುವುದೇ ಇಲ್ಲ. ಅವರೂ ಅದೇ ಪರೀಕ್ಷೆ ಪಾಸಾದವರು, ಅದೇ ಸಮುದ್ರ, ಅದೇ ರಾತ್ರಿ ವಾಚ್. ಆದರೆ ಅವರು ವರ್ಷಪೂರ್ತಿ ನಿವಾಸಿಗಳು. ಕರಾವಳಿ ಸಾಗಾಟದ ಭಾರತೀಯ ಹಡಗುಗಳಿಗೆ ಅಧಿಕಾರಿಗಳು ಸಿಕ್ಕುವುದು ಕಷ್ಟ ಎಂದು ಹಡಗಿನ ಮಾಲೀಕರು ಹೇಳುವುದರ ಹಿಂದೆ ಈ ಭೇದವೂ ಒಂದು ಕಾರಣ. ತೈಲ ಬಾವಿಗಳ ಕಥೆಯೂ ಹೀಗೆಯೇ. ಮುಂಬೈ ಹೈ ರಿಗ್‌ನಲ್ಲಿ ಕೆಲಸ ಮಾಡುವವರು ದಡದಿಂದ 160 ಕಿಲೋಮೀಟರ್ ದೂರದಲ್ಲಿದ್ದರೂ ತೆರಿಗೆ ಕಾಯ್ದೆಯ ಭಾರತದ ಒಳಗೇ ಇದ್ದಾರೆ. ಖಂಡದ ಅಂಚು, ವಿಶೇಷ ಆರ್ಥಿಕ ವಲಯ ಎಲ್ಲವನ್ನೂ ಕಾಯ್ದೆ ಭಾರತ ಎಂದೇ ಎಣಿಸುತ್ತದೆ. ಅದೇ ಕೆಲಸವನ್ನು ಕೊಲ್ಲಿಯ ರಿಗ್‌ನಲ್ಲಿ ಮಾಡಿದರೆ ಹೊರದೇಶದ ಉದ್ಯೋಗ. ಅಲ್ಲಿ 28 ದಿನ ಕೆಲಸ, 28 ದಿನ ರಜೆ ಎಂಬ ಪದ್ಧತಿ ಇದ್ದರೆ ವರ್ಷಕ್ಕೆ 28ರ ಹದಿಮೂರು ಕಂತು ಬೀಳುತ್ತದೆ. ಏಳು ಕಂತು ಮನೆಯಲ್ಲಿ ಬಿದ್ದರೆ 196 ದಿನ, ಆರು ಬಿದ್ದರೆ 168. ಏಪ್ರಿಲ್ 1ರಂದು ಅವರು ರಿಗ್‌ನಲ್ಲಿದ್ದರೋ ಮನೆಯಲ್ಲಿದ್ದರೋ ಎಂಬುದರ ಮೇಲೆ ಇಡೀ ವರ್ಷದ ಹಣೆಬರಹ.

ಈಗ ಬ್ಯಾಂಕಿನ ವಿಷಯಕ್ಕೆ ಬರುತ್ತೇನೆ, ಏಕೆಂದರೆ ಹೆಚ್ಚಿನ ಗೊಂದಲ ಅಲ್ಲಿಂದಲೇ ಹುಟ್ಟುವುದು. "ಅವ ಎನ್‌ಆರ್‌ಐ ಅಲ್ವಾ ಸರ್? ಬ್ಯಾಂಕಿನವರೇ ಎನ್‌ಆರ್‌ಇ ಖಾತೆ ಮಾಡಿಕೊಟ್ಟಿದ್ದಾರಲ್ಲ" ಎಂದು ತಾಯಂದಿರು ಕೇಳುತ್ತಾರೆ. ಬ್ಯಾಂಕು ನೋಡುವುದು ವಿದೇಶಿ ವಿನಿಮಯದ ಕಾನೂನು, ಅಂದರೆ ಫೆಮಾ. ಅದರ ಪ್ರಕಾರ ಹೊರದೇಶದ ಉದ್ಯೋಗಕ್ಕೆಂದು ಹೊರಟವರು ಅನಿವಾಸಿ. ಆದಾಯ ತೆರಿಗೆ ಇಲಾಖೆ ನೋಡುವುದು ಬೇರೆ ಕಾನೂನು, ಬೇರೆ ಎಣಿಕೆ. ಒಬ್ಬರೇ ವ್ಯಕ್ತಿ ಒಂದೇ ವರ್ಷದಲ್ಲಿ ಬ್ಯಾಂಕಿಗೆ ಅನಿವಾಸಿ, ತೆರಿಗೆಗೆ ನಿವಾಸಿ ಆಗಿರಬಹುದು. ಇದರಲ್ಲಿ ವಿರೋಧ ಏನೂ ಇಲ್ಲ, ಕೇಳಲಿಕ್ಕೆ ಮಾತ್ರ ವಿಚಿತ್ರ.

ಅನಿವಾಸಿಗಳಿಗೆಂದೇ ಇರುವ ಈ ಎನ್‌ಆರ್‌ಇ ಖಾತೆಯ ಸುತ್ತ ಇನ್ನೊಂದು ದೊಡ್ಡ ಗಲಾಟೆ ನಡೆದುಹೋಗಿದೆ. ಅನಿವಾಸಿಗೆ ಭಾರತದಲ್ಲಿ ಕೈಸೇರಿದ ಹಣಕ್ಕೆ ತೆರಿಗೆ ಉಂಟು ಎಂದೆನಲ್ಲ. ಕಂಪನಿ ಸಂಬಳವನ್ನು ನೇರವಾಗಿ ಮಂಗಳೂರಿನ ಬ್ಯಾಂಕಿನ ಎನ್‌ಆರ್‌ಇ ಖಾತೆಗೆ ಹಾಕಿದರೆ ಅದು ಭಾರತದಲ್ಲೇ ಕೈಸೇರಿದ ಹಾಗಲ್ಲವೇ ಎಂದು ತೆರಿಗೆ ಅಧಿಕಾರಿಗಳು ವಾದ ಹೂಡಿದರು. ಕೋಲ್ಕತ್ತದ ಮೇಲ್ಮನವಿ ನ್ಯಾಯಮಂಡಳಿಯಲ್ಲಿ 2016ರ ಹೊತ್ತಿಗೆ ಇಲಾಖೆಯ ಪರವಾಗಿ ತೀರ್ಪೂ ಬಂತು. 184 ದಿನ ಹೊರಗೆ ಬೆವರು ಸುರಿಸಿ ದುಡಿದವರಿಗೆ, ಹಣ ಬಿದ್ದ ಜಾಗದಿಂದಾಗಿ ತೆರಿಗೆ! ಅಷ್ಟಾದ ಮೇಲೆ ನೇರ ತೆರಿಗೆಗಳ ಕೇಂದ್ರ ಮಂಡಳಿ 2017ರ ಏಪ್ರಿಲ್ 11ರಂದು 13ನೇ ಸುತ್ತೋಲೆ ಹೊರಡಿಸಿತು: ಅನಿವಾಸಿ ನಾವಿಕರು ಭಾರತದ ಹೊರಗೆ ಮಾಡಿದ ಕೆಲಸದ ಸಂಬಳವನ್ನು, ಅದು ಎನ್‌ಆರ್‌ಇ ಖಾತೆಗೆ ಜಮೆಯಾಯಿತು ಎಂಬ ಒಂದೇ ಕಾರಣಕ್ಕೆ ಆದಾಯಕ್ಕೆ ಸೇರಿಸಕೂಡದು. ಅದರಲ್ಲಿ ವಿದೇಶಿ ಹಡಗು ಎಂದಷ್ಟೇ ಇತ್ತು. ಹಾಗಾದರೆ ಭಾರತದ ಬಾವುಟ ಹಾರಿಸುತ್ತಾ ವಿದೇಶಕ್ಕೆ ಹೋಗುವ ಹಡಗಿನವರು ಏನು ಪಾಪ ಮಾಡಿದರು ಎಂಬ ಪ್ರಶ್ನೆ ಎದ್ದಿತು. ಹದಿನೈದು ದಿನದಲ್ಲೇ ಇನ್ನೊಂದು ಸುತ್ತೋಲೆ ಬಂದು ಬಾವುಟ ಯಾವುದಾದರೂ ಸರಿ, ವಿದೇಶಕ್ಕೆ ಓಡುವ ಹಡಗಾದರೆ ಸಾಕು ಎಂದಿತು. ಗಮನಿಸಿ, ಸುತ್ತೋಲೆ ಹೇಳಿದ್ದು ಎನ್‌ಆರ್‌ಇ ಖಾತೆಯ ಬಗ್ಗೆ. ಅಲಾಟ್‌ಮೆಂಟ್ ಹಣವನ್ನು, ಅಂದರೆ ಸಂಬಳದಲ್ಲಿ ಮನೆಗೆ ಕಳಿಸುವ ಪಾಲನ್ನು, ಮನೆಯವರ ಸಾಮಾನ್ಯ ಉಳಿತಾಯ ಖಾತೆಗೆ ನೇರ ಹಾಕಿಸಿಕೊಳ್ಳುವವರು ಈಗಲೂ ಇದ್ದಾರೆ. ದಯವಿಟ್ಟು ಹಾಗೆ ಮಾಡಬೇಡಿ.

2020 ಹಡಗಿನವರಿಗೆ ಎರಡು ಕಡೆಯಿಂದಲೂ ಕೆಟ್ಟ ವರ್ಷ. ಫೆಬ್ರವರಿ 1ರ ಬಜೆಟ್ಟಿನಲ್ಲಿ, ಯಾವ ದೇಶದಲ್ಲೂ ತೆರಿಗೆ ಕಟ್ಟದ ಭಾರತೀಯ ಪ್ರಜೆಯನ್ನು ಇಲ್ಲಿಯ ನಿವಾಸಿ ಎಂದು ಭಾವಿಸಲಾಗುವುದು ಎಂಬ ಪ್ರಸ್ತಾವ ಬಂತು. ಯಾವ ದೇಶದ ನಿವಾಸಿಯೂ ಅಲ್ಲದವರು ಎಂದರೆ ಹಡಗಿನವರಿಗಿಂತ ಬೇರೆ ಉದಾಹರಣೆ ಬೇಕೇ? ಆವತ್ತು ರಾತ್ರಿ ನನ್ನ ಫೋನು ಸುಮ್ಮನಾಗಲಿಲ್ಲ. ಪ್ರಾಮಾಣಿಕವಾಗಿ ಹೊರದೇಶದಲ್ಲಿ ದುಡಿಯುವವರ ಸಂಬಳಕ್ಕೆ ಕೈ ಹಾಕುವ ಉದ್ದೇಶ ಇಲ್ಲ ಎಂದು ಮರುದಿನವೇ ಸ್ಪಷ್ಟನೆ ಬಂತು. ಕಾಯ್ದೆಯಾಗುವ ಹೊತ್ತಿಗೆ 15 ಲಕ್ಷ ರೂಪಾಯಿಯ ಒಂದು ಗೆರೆ ಬಿತ್ತು: ವಿದೇಶದ ಮೂಲದ ಆದಾಯ ಬಿಟ್ಟು ಉಳಿದದ್ದು, ಅಂದರೆ ಇಲ್ಲಿನ ಬಾಡಿಗೆ, ಬಡ್ಡಿ, ಷೇರು ಮಾರಿದ ಲಾಭ ಇತ್ಯಾದಿ 15 ಲಕ್ಷ ದಾಟಿದರೆ ಮಾತ್ರ ಈ ಕಟ್ಟಳೆ. ಅಂಥವರು ಭೇಟಿಗೆಂದು ಊರಿಗೆ ಬಂದಾಗ 182ರ ಬದಲು 120 ದಿನದ ಮಿತಿ ಬರಬಹುದು ಎಂಬುದೂ ಆಗಲೇ ಸೇರಿತು. ಫಿಟ್ಟರ್, ಬೋಸನ್‌ಗಳಿಗೆ ಇದರ ಚಿಂತೆ ಬೇಡ. ಬೆಂಗಳೂರಿನಲ್ಲಿ ನಾಲ್ಕು ಫ್ಲ್ಯಾಟ್ ಕೊಂಡಿಟ್ಟ ಕ್ಯಾಪ್ಟನ್ನರು ತಮ್ಮ ಆಡಿಟರನ್ನು ಒಮ್ಮೆ ಕಾಣುವುದು ಒಳ್ಳೆಯದು.

ಬಜೆಟ್ಟಿನ ಗದ್ದಲ ಅಡಗುವ ಮೊದಲೇ ಕೋವಿಡ್ ಬಂತು. ಆ ವರ್ಷದ ಕೊನೆಗೆ ಜಗತ್ತಿನಾದ್ಯಂತ ಸುಮಾರು 4 ಲಕ್ಷ ನಾವಿಕರು ಕಾಂಟ್ರಾಕ್ಟ್ ಮುಗಿದರೂ ಇಳಿಯಲಾರದೆ ಹಡಗುಗಳಲ್ಲೇ ಸಿಕ್ಕಿಬಿದ್ದಿದ್ದರು. ಪತ್ರಿಕೆಗಳಲ್ಲಿ ಬಂದದ್ದು ಅವರ ಕಷ್ಟ. ಅವರನ್ನು ಬಿಡಿಸಬೇಕಾಗಿದ್ದ ರಿಲೀವರುಗಳು ಅಷ್ಟೇ ಸಂಖ್ಯೆಯಲ್ಲಿ ಮನೆಗಳಲ್ಲಿ ಸಿಕ್ಕಿಬಿದ್ದಿದ್ದರು, ಸಂಬಳ ಇಲ್ಲದೆ. ವಿಮಾನ ಇಲ್ಲ, ಬಂದರುಗಳು ಬಂದ್. ಹಾಗೆ ಕೂತ ಒಂದೊಂದು ದಿನವೂ 182ರ ಕಡೆಗೆ ಒಂದು ಹೆಜ್ಜೆ. 2019-20ರ ಕೊನೆಯ ದಿನಗಳಿಗೆ ಇಲಾಖೆ ವಿನಾಯಿತಿ ಕೊಟ್ಟಿತು. 2020-21ಕ್ಕೆ ಸಾರಾಸಗಟು ವಿನಾಯಿತಿ ಕೊಡಲಿಲ್ಲ. ಎರಡೆರಡು ದೇಶದಲ್ಲಿ ತೆರಿಗೆ ಬಿದ್ದವರು ಅರ್ಜಿ ಹಾಕಬಹುದು ಎಂದಿತು. ಇನ್ನೊಂದು ದೇಶವೇ ಇಲ್ಲದ ನಾವಿಕರಿಗೆ ಆ ಅರ್ಜಿಯಿಂದ ಏನು ಪ್ರಯೋಜನ? ಅದು ಸರಿಯಾದ ತೀರ್ಮಾನ ಎಂದು ನನಗೆ ಅವತ್ತೂ ಅನ್ನಿಸಲಿಲ್ಲ, ಇವತ್ತೂ ಅನ್ನಿಸುವುದಿಲ್ಲ.

ಅನಿವಾಸಿಯಾದವರಿಗೂ ಇಲ್ಲಿ ಕೆಲಸ ಇದೆ. ಊರಿನ ಬಾಡಿಗೆಗೆ, ಸಾಮಾನ್ಯ ಠೇವಣಿಯ ಬಡ್ಡಿಗೆ ತೆರಿಗೆ ಇದ್ದೇ ಇದೆ. ಸಂಬಳಕ್ಕೆ ತೆರಿಗೆ ಇಲ್ಲ ಎಂದು ರಿಟರ್ನ್ ಸಲ್ಲಿಸದೆ ಕುಳಿತರೆ, ಖಾತೆಗೆ ಬಿದ್ದ ದೊಡ್ಡ ಮೊತ್ತ ಕಂಡು ಇಲಾಖೆ ವಿವರಣೆ ಕೇಳುತ್ತದೆ. ಸಲ್ಲಿಸುವಾಗಲೂ ಎಚ್ಚರ ಬೇಕು. ಪೇಟೆಯ ಸೈಬರ್ ಅಂಗಡಿಯಲ್ಲಿ ಎಲ್ಲರಿಗೂ ಹಾಕುವ ಹಾಗೆ ಐಟಿಆರ್-1 ಹಾಕಿಸಿಕೊಂಡು ಬರುವವರಿದ್ದಾರೆ. ಆ ಫಾರಂ ನಿವಾಸಿಗಳಿಗೆ ಮಾತ್ರ. ಅದನ್ನು ತುಂಬಿದ ಕೂಡಲೇ ನಾನು ನಿವಾಸಿ ಎಂದು ತಾವೇ ಬರೆದುಕೊಟ್ಟ ಹಾಗಾಯಿತು. ಜಾಗ ಮಾರುವಾಗ ಇನ್ನೊಂದು ಪೇಚು. ನಿವಾಸಿಯಿಂದ 50 ಲಕ್ಷ ಅಥವಾ ಹೆಚ್ಚಿನ ಜಾಗ ಕೊಂಡವರು 1 ಪ್ರತಿಶತ ತೆರಿಗೆ ಹಿಡಿದರೆ ಆಯಿತು. ಮಾರುವವರು ಅನಿವಾಸಿಯಾದರೆ ಆ 50 ಲಕ್ಷದ ಮಿತಿಯೇ ಇಲ್ಲ, ದರವೂ ಬಹಳ ಹೆಚ್ಚು. ಕಾಪುವಿನಲ್ಲಿ ಹತ್ತು ಸೆಂಟ್ಸ್ ಜಾಗದ ವ್ಯವಹಾರ ನೋಂದಣಿಯ ದಿನ ಇದೇ ಕಾರಣಕ್ಕೆ ಮುರಿದುಬಿದ್ದದ್ದನ್ನು ನೋಡಿದ್ದೇನೆ.

ಬೇರೆ ದೇಶಗಳು ಏನು ಮಾಡುತ್ತವೆ? ಫಿಲಿಪ್ಪೀನ್ಸ್ ದಿನ ಎಣಿಸುವ ಗೊಡವೆಗೇ ಹೋಗುವುದಿಲ್ಲ. ಪೂರ್ತಿ ಅಂತಾರಾಷ್ಟ್ರೀಯ ಸಾಗಾಟದಲ್ಲಿರುವ ಹಡಗಿನ ಸಿಬ್ಬಂದಿಯನ್ನು ಅಲ್ಲಿನ ಕಾನೂನು ಹೊರದೇಶದ ಕಾರ್ಮಿಕರೆಂದು ಎಣಿಸಿ, ದೇಶದೊಳಗಿನ ಆದಾಯಕ್ಕೆ ಮಾತ್ರ ತೆರಿಗೆ ಹಾಕುತ್ತದೆ. ಬ್ರಿಟನ್ ದಿನ ಎಣಿಸುತ್ತದೆ, ಆದರೆ ಒಂದೇ ಆರ್ಥಿಕ ವರ್ಷದ ಗೋಡೆಯೊಳಗೆ ಎಣಿಸುವುದಿಲ್ಲ. ಕನಿಷ್ಠ 365 ದಿನದ ಒಂದು ಅವಧಿ ಕಟ್ಟಿಕೊಂಡು, ಅದರಲ್ಲಿ ಒಟ್ಟು ಅರ್ಧಕ್ಕಿಂತ ಹೆಚ್ಚು ದಿನ, ಅಥವಾ ಒಂದೇ ಸಮನೆ 183ಕ್ಕಿಂತ ಹೆಚ್ಚು ದಿನ, ಊರಲ್ಲಿ ಇರದಿದ್ದರೆ ಸಮುದ್ರದ ದುಡಿಮೆಗೆ ಪೂರ್ತಿ ಕಡಿತ. ಅವಧಿ ಯಾವ ತಿಂಗಳಿನಿಂದ ಬೇಕಾದರೂ ಶುರುವಾಗಬಹುದು. ಆಗಲೇ ಹೇಳಿದ ನಾಲ್ಕು ತಿಂಗಳ ಸರದಿಯ ಎಂಜಿನಿಯರಿಗೆ ಇಂಥ ಉರುಳುವ ಲೆಕ್ಕ ಇದ್ದಿದ್ದರೆ ವರ್ಷ ಬಿಟ್ಟು ವರ್ಷ ಬಣ್ಣ ಬದಲಾಗುತ್ತಿರಲಿಲ್ಲ. ಫಿಲಿಪ್ಪೀನ್ಸಿನ ಔದಾರ್ಯ ನಮಗೆ ಬೇಡ ಎಂದರೂ ಎರಡು ವರ್ಷದ ಸರಾಸರಿ ಹಿಡಿಯುವುದಕ್ಕೇನು ಅಡ್ಡಿ ಎಂಬುದು ನನ್ನ ಪ್ರಶ್ನೆ.

ಹೊಸ ಆದಾಯ ತೆರಿಗೆ ಕಾಯ್ದೆಯಲ್ಲಿ ಇಂಥ ಬದಲಾವಣೆ ಬರಬಹುದೆಂದು ಕೆಲವರು ಕಾದಿದ್ದರು. 1961ರ ಕಾಯ್ದೆಯ ಜಾಗಕ್ಕೆ 2025ರ ಕಾಯ್ದೆ. ಜಾರಿ 2026ರ ಏಪ್ರಿಲ್ 1ರಿಂದ. ಹಿಂದಿನ ವರ್ಷ, ನಿರ್ಧರಣಾ ವರ್ಷ ಎಂಬ ತಲೆನೋವಿನ ಜೋಡಿ ಹೋಗಿ ತೆರಿಗೆ ವರ್ಷ ಎಂಬ ಒಂದೇ ಮಾತು ಬಂದಿದೆ. ನಿವಾಸದ ವಿಷಯ ಹೊಸದರಲ್ಲೂ 6ನೇ ಸೆಕ್ಷನ್ನಿನಲ್ಲೇ ಇದೆ, 182 ಕೂಡ ಹಾಗೆಯೇ ಕೂತಿದೆ.

ಇನ್ನೊಂದು ಸಣ್ಣ ವಿಷಯ. ವಿಮಾನ ಹತ್ತಿದ ದಿನ, ಇಳಿದ ದಿನ ಭಾರತದ ಲೆಕ್ಕಕ್ಕೋ ಹೊರಗಿನ ಲೆಕ್ಕಕ್ಕೋ ಎಂಬುದರ ಮೇಲೆ ಈಗಲೂ ವಾದ ನಡೆಯುತ್ತದೆ. ವರ್ಷಕ್ಕೆ ಎರಡು ಸಲ ಹೋಗಿಬಂದರೆ ಅದೇ ನಾಲ್ಕು ದಿನ ಆಯಿತು. ಆದ್ದರಿಂದ ಎಷ್ಟು ದಿನ ಹೊರಗಿರಬೇಕು ಎಂದು ಕೇಳುವ ಹುಡುಗರಿಗೆ ನಾನು 184 ಎನ್ನುವುದಿಲ್ಲ, 190 ಎನ್ನುತ್ತೇನೆ. ಜನವರಿ ಮೊದಲ ವಾರದಲ್ಲೇ ಸಿಡಿಸಿ, ಪಾಸ್‌ಪೋರ್ಟ್ ತೆರೆದು ಅಲ್ಲಿಯ ತನಕದ ದಿನಗಳನ್ನು ಒಮ್ಮೆ ಕೂಡಿಸಿ ನೋಡಿದರೆ, ಮುಂದಿನ ಕಾಂಟ್ರಾಕ್ಟಿಗೆ ಫೆಬ್ರವರಿಯಲ್ಲಿ ಹೊರಡುವುದೋ ಏಪ್ರಿಲ್‌ನಲ್ಲಿ ಹೊರಡುವುದೋ ಎಂದು ಕಂಪನಿಯ ಹತ್ತಿರ ಮಾತಾಡಲು ಇನ್ನೂ ಸಮಯ ಇರುತ್ತದೆ. ಮಾರ್ಚ್ 25ಕ್ಕೆ ನನಗೆ ಫೋನು ಮಾಡಿದರೆ ನಾನು ಮಾಡಬಹುದಾದದ್ದು ತೆರಿಗೆಯ ಮೊತ್ತ ಲೆಕ್ಕ ಹಾಕಿ ಹೇಳುವುದು ಮಾತ್ರ.